ಕಲೆಯಕ್ಕ ದ್ವೀಪ ನೋಡಿದ್ದು

ಹೋಟೆಲಿನ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಲೆಯಕ್ಕ ಅಂತ. ಹಾಡು ಕುಣಿತಕ್ಕೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಕೂತು, ಜಪ್ಪಯ್ಯ ಅಂದರೂ ಏಳುವುದಿಲ್ಲ ಎಂದು ಹಟ ಹಿಡಿಯುತ್ತದಲ್ಲ, ಆ ಕಲೆ. ಯಾವ ಕಲೆಯನ್ನಾದರೂ ಬೆಳಕಿಗೆ ಹಿಡಿದು, ಮೂಸಿ, ಉಗುರಿನಿಂದ ಒಮ್ಮೆ ಕೆರೆದು, "ಇದು ಕಾಫಿ ಅಲ್ಲ, ಟೀ. ನಿನ್ನೆದೂ ಅಲ್ಲ, ಮೊನ್ನೆದು" ಎಂದು ಹೇಳಿಬಿಡುತ್ತಿದ್ದಳು. ರಕ್ತಕ್ಕೆ ತಣ್ಣೀರು, ಎಣ್ಣೆಗೆ ಸೀಮೆಸುಣ್ಣದ ಪುಡಿ, ತುಕ್ಕಿಗೆ ನಿಂಬೆಹಣ್ಣು ಮತ್ತು ಬಿಸಿಲು. ಮಿಶಿನ್ನು ಕೈಚೆಲ್ಲಿದ ಬಟ್ಟೆಯೆಲ್ಲ ಕೊನೆಗೆ ಅವಳ ಕಲ್ಲಿನ ತೊಟ್ಟಿಗೇ ಬರುತ್ತಿತ್ತು. ಹೀಗೆ ಮೂವತ್ತೊಂದು ವರ್ಷ.

ಹೋಟೆಲು ಇದ್ದದ್ದು ಸಮುದ್ರಕ್ಕೆ ಮುಖ ಮಾಡಿ, ಲಾಂಡ್ರಿ ಇದ್ದದ್ದು ಹೋಟೆಲಿಗೆ ಬೆನ್ನು ಮಾಡಿ. ತಗ್ಗು ಛಾವಣಿಯ ಉದ್ದನೆ ಕೋಣೆ. ಒಂದು ಗೋಡೆಗೆ ಏಳು ಮಿಶಿನ್ನು, ಎದುರು ಗೋಡೆಗೆ ಇಸ್ತ್ರಿಯ ಮೇಜುಗಳು, ಮಧ್ಯದಲ್ಲಿ ಚಕ್ರದ ತಳ್ಳುಗಾಡಿಗಳು ಓಡಾಡಿ ಓಡಾಡಿ ಸವೆದ ಸಿಮೆಂಟು ನೆಲ. ಹಿಂದಿನ ಬಾಗಿಲು ತೆರೆದರೆ ಬಟ್ಟೆ ಒಣಗಿಸುವ ಬಯಲು: ಇಪ್ಪತ್ತು ಸಾಲು ತಂತಿ, ತಂತಿಯ ತುಂಬ ಬೆಡ್‌ಶೀಟು. ಹನ್ನೆರಡು ಜನ ಹೆಂಗಸರು. ಬೇಸಿಗೆಯಲ್ಲಿ ಒಳಗೆ ಇಡ್ಲಿ ಬೇಯಿಸಬಹುದು ಅನ್ನುವಷ್ಟು ಹಬೆ.

ಆ ಕೋಣೆಯಲ್ಲೇ ನಿಂತು ಕಲೆಯಕ್ಕ ದ್ವೀಪದ ಸಮಾಚಾರವನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ಟವೆಲ್ ಕೊಡವಿದಾಗ ಕಪ್ಪು ಮರಳು ಉದುರಿದರೆ ರೂಮಿನವರು ಉತ್ತರದ ಬೀಚಿಗೆ ಹೋಗಿಬಂದಿದ್ದಾರೆ ಅಂತ ಅರ್ಥ. ಸಕ್ಕರೆಯಂಥ ಬಿಳಿ ಮರಳಾದರೆ ಪೂರ್ವದ್ದು. ಪ್ಯಾಂಟಿನ ಮಡಿಕೆಯಲ್ಲಿ ಕೆಂಪು ಮಣ್ಣಿದ್ದರೆ ಗುಡ್ಡ ಹತ್ತಿದ್ದಾರೆ. ಆದರೆ ಆ ಉತ್ತರವನ್ನಾಗಲಿ ಪೂರ್ವವನ್ನಾಗಲಿ ಗುಡ್ಡವನ್ನಾಗಲಿ ಅವಳು ಕಣ್ಣಾರೆ ಕಂಡವಳಲ್ಲ. ಹುಟ್ಟಿದ್ದು ಬಂದರಿನ ಹಿಂದಿನ ಗಲ್ಲಿಯಲ್ಲಿ, ಮದುವೆಯಾಗಿ ಬಂದದ್ದು ಅದೇ ಗಲ್ಲಿಯ ಆ ತುದಿಗೆ. ಮಗಳು ಚಿಕ್ಕವಳಿದ್ದಾಗ ಅವಳ ಹಿಂದೆ ಓಡುವುದಾಯಿತು. ಆಮೇಲೆ ಅತ್ತೆ ಹಾಸಿಗೆ ಹಿಡಿದು ಒಂಬತ್ತು ವರ್ಷ ಮಲಗಿದರು. ವಾರಕ್ಕೊಂದು ರಜೆ ಸಿಕ್ಕಿದರೆ ಅಂದು ಮನೆಯ ಬಟ್ಟೆ ಒಗೆಯುವ ದಿನ. ಊರಿನವರ ಬಟ್ಟೆಯೆಲ್ಲ ಒಗೆದು ಬಂದು ಮನೆಯಲ್ಲಿ ಮತ್ತೆ ಒಗೆಯುವುದು, ಅಷ್ಟೆ.

ಗಂಡ ಜೆಟ್ಟಿಯಿಂದ ಹೊರಡುವ ದೋಣಿಯಲ್ಲಿ ಟಿಕೆಟು ನೋಡುವವನು. ದಿನಾ ಎಂಟು ಸಲ ಆ ದಡಕ್ಕೆ ಹೋಗಿ ಈ ದಡಕ್ಕೆ ಬರುವವನು. "ಎಲ್ಲಿಗಾದರೂ ಹೋಗೋಣವೇನ್ರೀ" ಎಂದರೆ, "ದಿನಾ ಹೋಗ್ತಾನೇ ಇದೀನಲ್ಲ" ಅನ್ನುತ್ತಿದ್ದ.

ನಿವೃತ್ತಿಯ ದಿನ ಸಿಬ್ಬಂದಿಯ ಊಟದ ಕೋಣೆಯಲ್ಲಿ ಲಾಂಡ್ರಿಯವರನ್ನೆಲ್ಲ ಸೇರಿಸಿದರು. ಮ್ಯಾನೇಜರ್ ನಾಲ್ಕು ಮಾತಾಡಿ, ಚಪ್ಪಾಳೆ ತಟ್ಟಿಸಿ, ಅವಳ ಕೈಗೊಂದು ಲಕೋಟೆ ಕೊಟ್ಟರು. ಒಳಗೆ ಬಣ್ಣದ ಚೀಟಿ: ಅತಿಥಿಗಳಿಗೆ ಹೋಟೆಲು ನಡೆಸುವ ಒಂದು ದಿನದ ದ್ವೀಪ ಪ್ರವಾಸಕ್ಕೆ ಒಂದು ಸೀಟು, ಗೈಡ್ ಸಮೇತ, ಊಟ ಸಮೇತ.

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಕಲೆಯಕ್ಕನೂ ನಕ್ಕಳು. ಮನೆಗೆ ಹೋಗಿ ಗಂಡನಿಗೆ ತೋರಿಸಿದರೆ ಅವನು ಚೀಟಿಯನ್ನು ಅಭ್ಯಾಸಬಲದಿಂದ ತಿರುಗಿಸಿ, ತಾರೀಕು ನೋಡಿ, "ಸರಿಯಾಗಿದೆ" ಎಂದು ವಾಪಸು ಕೊಟ್ಟ. "ಇದ್ದ ಊರನ್ನ ನೋಡೋದಕ್ಕೆ ಗೈಡ್ ಬೇರೆ ಕೇಡು. ಸಮುದ್ರ, ಮರಳು, ತೆಂಗಿನಮರ. ಇನ್ನೇನಿರುತ್ತೆ?"

ಅವಳಿಗೂ ಅದು ಸರಿಯೆನಿಸಿ ಚೀಟಿ ಬೀರುವಿನೊಳಗೆ ಸೇರಿತು. ಅದನ್ನು ಹೊರಗೆ ತೆಗೆಸಿದವಳು ಇಸ್ತ್ರಿಯಮ್ಮ. ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಕಲೆಯಕ್ಕನ ತೊಟ್ಟಿಯ ಪಕ್ಕದ ಮೇಜಿನಲ್ಲೇ ಇಸ್ತ್ರಿ ಮಾಡಿದವಳು. ಬಲಗಾಲು ಸ್ವಲ್ಪ ಎಳೆದು ನಡೆಯುವವಳು, ನಾಲಿಗೆ ಮಾತ್ರ ನೆಟ್ಟಗೆ. ಸಂಜೆ ಮನೆಗೆ ಬಂದವಳು ನಿಂತಲ್ಲೇ ಕೇಳಿದಳು.

"ಹೋಗಲ್ಲವಂತೆ?"

"ಒಬ್ಬಳೇ ಹೋಗಿ ಏನ್ ಮಾಡ್ಲಿ ಹೇಳು."

"ನಾವು ಹನ್ನೊಂದು ಜನ ಯಾರೂ ನೋಡಿಲ್ಲ. ನೀನಾದ್ರೂ ನೋಡಿ ಬಂದು ಹೇಳು. ಸುಮ್ನೆ ಬಿಂಕ ಮಾಡಬೇಡ."

ಹೀಗೆ ಒಂದು ಗುರುವಾರ ಬೆಳಿಗ್ಗೆ ಕಲೆಯಕ್ಕ ಹಸಿರು ಹೂವಿನ ಉಡುಪು ತೊಟ್ಟು, ಚೀಲದಲ್ಲಿ ನೀರಿನ ಬಾಟಲಿ, ಎರಡು ಬಾಳೆಹಣ್ಣು ಇಟ್ಟುಕೊಂಡು ಹೊರಟಳು. ಕಾಲು ತನ್ನಷ್ಟಕ್ಕೆ ತಾನು ಹಿಂಬದಿಯ ಗೇಟಿಗೆ ಕರೆದೊಯ್ಯಿತು. ಕಾವಲುಗಾರ ತಡೆದ.

"ಅಕ್ಕಾ, ನೀವಿವತ್ತು ಗೆಸ್ಟು. ಮುಂದಿನ ಬಾಗಿಲಿಗೆ ಹೋಗಬೇಕು."

"ಮುಂದಿನ ಬಾಗಿಲು ಯಾವ ಕಡೆಯಪ್ಪಾ?"

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ತಮಾಷೆಗೆ ಕೇಳಿರಲಿಲ್ಲ. ಗೋಡೆ ಸುತ್ತಿ, ಹೂವಿನ ಪಾತಿ ದಾಟಿ, ಕನ್ನಡಿಯಂಥ ನೆಲದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿಯಲೋ ಕಾಲಲ್ಲಿ ಇರಿಸಿಕೊಳ್ಳಲೋ ತಿಳಿಯದೆ ನಿಂತಾಗ ಮೈಕಿನಲ್ಲಿ ಮಾತಾಡುವಂಥ ದನಿಯೊಂದು ಕೇಳಿಸಿತು. "ದ್ವೀಪ ಪ್ರವಾಸದವರೆಲ್ಲ ಈ ಕಡೆ ಬನ್ನಿ, ಬಿಸಿಲು ಏರೋ ಮುಂಚೆ ಹೊರಡಬೇಕು."

ಅವನೇ ಗೈಡು. ಮೂವತ್ತರ ಆಸುಪಾಸಿನವನು, ತೆಳ್ಳಗೆ, ದಟ್ಟ ಮೀಸೆ. ಬೇರೆ ಊರಿಂದ ಬಂದು ನಾಲ್ಕು ವರ್ಷವಾಗಿತ್ತು. ಬಾಯಿಗೆ ಬಿಡುವಿಲ್ಲದ್ದರಿಂದ ಹೋಟೆಲಿನವರು ಅವನಿಗೆ ಇಟ್ಟ ಹೆಸರು ರೇಡಿಯೊ. ಕಲೆಯಕ್ಕ ಅವನ ಮುಖ ನೋಡಿದ್ದು ಅದೇ ಮೊದಲು. ಅಂಗಿ ನೋಡಿದ ಕೂಡಲೇ ಗುರುತು ಸಿಕ್ಕಿತು: ಕಾಲರಿನ ಒಳಗೆ ಹದಿನಾಲ್ಕು ಎಂದು ಬರೆದಿರುವ, ಎಡ ಜೇಬಿನಡಿ ಶಾಯಿ ಸೋರುವ, ಕತ್ತಿನ ಪಟ್ಟಿ ತಲೆಎಣ್ಣೆಯಲ್ಲಿ ನೆಂದಿರುವ ಅಂಗಿ. ನಾಲ್ಕು ವರ್ಷ ಅವಳ ಪ್ರಾಣ ತಿಂದ ಅಂಗಿ. ಬಸ್ಸು ಹತ್ತಿದಳು.

ಹದಿನಾರು ಸೀಟಿನ ಬಸ್ಸಿನಲ್ಲಿ ಹನ್ನೊಂದು ಜನ. ಹಿಂದಿನ ಮೂಲೆಯಲ್ಲಿ ಮುದುಡಿ ಕೂತವಳ ಪಕ್ಕಕ್ಕೆ ಬಿಳಿ ಜಾಕೀಟು ತೊಟ್ಟ, ದೊಡ್ಡ ಹುಲ್ಲುಟೋಪಿಯ ಹೆಂಗಸೊಬ್ಬರು ಬಂದು ಕೂತರು. ನಿವೃತ್ತ ಶಾಲಾ ಮೇಡಂ, ಒಬ್ಬರೇ ರಜೆಗೆ ಬಂದಿದ್ದರು. ಬಸ್ಸು ಹೊರಟು ತಿರುವು ದಾಟುವುದರೊಳಗೆ ಮೂವತ್ತಾರು ವರ್ಷ ಪಾಠ ಹೇಳಿದ್ದನ್ನು ಹೇಳಿ ಮುಗಿಸಿ, "ನೀವು ಏನ್ ಮಾಡ್ಕೊಂಡಿದ್ರಿ?" ಎಂದು ಕೇಳಿದರು.

ಕಲೆಯಕ್ಕ ತಡವರಿಸಿದಳು. "ನಾನಾ? ಕಲೆ ಕೆಲಸ."

"ಓಹೋ, ಕಲಾವಿದೆ." ಮೇಡಂ ಇತ್ತ ತಿರುಗಿಯೇ ಕೂತರು. "ಎಷ್ಟು ವರ್ಷದಿಂದ?"

"ಮೂವತ್ತೊಂದು."

"ಮನೆತನದಲ್ಲಿ ಬಂದದ್ದಾ, ಗುರುಗಳ ಹತ್ತಿರ ಕಲಿತದ್ದಾ?"

"ನನ್ನಮ್ಮನಿಂದ ಸ್ವಲ್ಪ ಬಂತು. ಮಿಕ್ಕಿದ್ದು ಕೈ ಹಾಕಿ ಹಾಕಿ ಕಲಿತದ್ದು."

"ಹಾಗೇ ಇರಬೇಕು," ಎಂದು ಮೇಡಂ ಮನಸಾರೆ ಮೆಚ್ಚಿದರು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ. ಸರಿಪಡಿಸೋಣ ಎಂದು ಬಾಯಿ ತೆರೆದಳು. ಮೂವತ್ತೊಂದು ವರ್ಷದಲ್ಲಿ ತನ್ನ ಕೆಲಸದ ಬಗ್ಗೆ ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲವೆಂಬುದು ನೆನಪಾಗಿ ಮುಚ್ಚಿಕೊಂಡಳು.

ಮೊದಲು ನಿಲ್ಲಿಸಿದ್ದು ಉತ್ತರದ ಬೀಚಿನಲ್ಲಿ. ರೇಡಿಯೊ ಬೆಂಕಿಬೆಟ್ಟದ ಕಥೆ ಹೇಳುತ್ತಿದ್ದ. ಅವಳ ಕಿವಿಗೆ ಅದು ಬೀಳಲಿಲ್ಲ. ಬಗ್ಗಿ ಒಂದು ಹಿಡಿ ಮರಳು ತೆಗೆದುಕೊಂಡಳು. ಟವೆಲಿನ ಅಂಚಿನ ಹೊಲಿಗೆಯಲ್ಲಿ ಹೊಕ್ಕು, ಮಿಶಿನ್ನಿನ ತೂತು ಕಟ್ಟಿ, ಬೆರಳ ಸಂದಿ ಕೊರೆದು, ದಿನದಿನವೂ ತನ್ನಿಂದ ಬೈಸಿಕೊಂಡ ಅದೇ ಮರಳು. ಇಲ್ಲಿ ನೋಡಿದರೆ ಮೈಲುಗಟ್ಟಲೆ ಬಿದ್ದಿದೆ. ಅಲೆ ಹಿಂದೆ ಸರಿದಾಗಲೆಲ್ಲ ಇಸ್ತ್ರಿ ಮಾಡಿದ ಕಪ್ಪು ರೇಷ್ಮೆಯ ಹಾಗೆ ಹೊಳೆಯುತ್ತದೆ. ಇಷ್ಟು ಚೆಂದದ ವಸ್ತುವಿಗೆ ಅಷ್ಟೆಲ್ಲ ಶಾಪ ಹಾಕಿದೆನಲ್ಲ ಅನ್ನಿಸಿತು. ಚಪ್ಪಲಿ ಬಿಟ್ಟು ನಡೆದಳು. ಬಸ್ಸು ಹತ್ತುವ ಮುಂಚೆ ಕಾಲನ್ನೂ ಉಡುಪಿನ ಅಂಚನ್ನೂ ಮೂರು ಸಲ ಕೊಡವಿಕೊಂಡಳು, ಯಾರದೋ ಕೆಲಸ ಹೆಚ್ಚಾದೀತೆಂದು.

ಎರಡನೆಯದು ಗಾಜಿನ ತಳದ ದೋಣಿ. ಕೆಳಗೆ ಮೀನು, ಹವಳ, ಹಳದಿ ನೀಲಿ ಬಣ್ಣದ ಮಿಣುಕು. ಎಲ್ಲರೂ ತಲೆ ಬಗ್ಗಿಸಿ ನೋಡುತ್ತಿದ್ದರು. ಕಲೆಯಕ್ಕನೂ ಬಗ್ಗಿದಳು. ದ್ವೀಪದಲ್ಲೇ ಹುಟ್ಟಿದವಳು, ದೋಣಿಯವನ ಹೆಂಡತಿ. ಆದರೂ ಅಲ್ಲಾಡುವ ನೀರನ್ನು ಗಾಜಿನೊಳಗಿಂದ ನೋಡಿದ್ದೇ ತಡ, ಹೊಟ್ಟೆಯೊಳಗೆ ಒಂದು ಮಿಶಿನ್ನು ತಿರುಗತೊಡಗಿತು. ತುಟಿ ಬಿಗಿಹಿಡಿದಳು, ಉಗುಳು ನುಂಗಿದಳು, ಆಕಾಶ ನೋಡಿದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಬೆಳಗಿನ ತಿಂಡಿಯೆಲ್ಲ ಮೇಡಮ್ಮನವರ ಬಿಳಿ ಜಾಕೀಟಿನ ತೋಳಿನ ಮೇಲೆ ಬಂತು.

ಅವಳಿಗೆ ಸಮುದ್ರಕ್ಕೆ ಹಾರಿಬಿಡೋಣ ಅನ್ನಿಸಿತು. ಮೇಡಂ ಮಾತ್ರ ಮುಖ ಸಿಂಡರಿಸಲಿಲ್ಲ. ಒಂದು ಕೈಯಿಂದ ಅವಳ ಹಣೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬೆನ್ನು ಸವರುತ್ತ, "ಆಗ್ಲಿ ಬಿಡಿ, ಪೂರ್ತಿ ಹೋಗಿಬಿಡ್ಲಿ" ಎಂದರು. ಇನ್ನೊಬ್ಬರು ತನ್ನ ಹಣೆ ಹಿಡಿದದ್ದು ಯಾವ ಕಾಲದಲ್ಲೋ. ಅತ್ತೆಯ ಹಣೆ ತಾನು ಹಿಡಿದದ್ದುಂಟು, ಮಗಳ ಹಣೆ ಹಿಡಿದದ್ದುಂಟು. ಕಣ್ಣಲ್ಲಿ ನೀರು ಬಂತು. ವಾಂತಿಯಿಂದ ಬಂದ ನೀರು ಎಂದು ಎಲ್ಲರೂ ತಿಳಿದದ್ದು ಒಳ್ಳೆಯದೇ ಆಯಿತು.

ದಡದಲ್ಲಿ ಊಟದ ಮನೆಯ ಹಿಂದೆ ನಲ್ಲಿಯಿತ್ತು. ಮೇಡಂ ಜಾಕೀಟು ಬಿಚ್ಚಿ, ಒಳಗಿನಿಂದ ಒಂದು ಮಗ್ಗು ಬಿಸಿನೀರು ತರಿಸಿ, ಕೈತೊಳೆಯುವ ಸೋಪು ಹಚ್ಚಿ ಗಸಗಸ ಉಜ್ಜಲು ಕೈಯೆತ್ತಿದರು. ಬೆಂಚಿನ ಮೇಲೆ ಸುಸ್ತಾಗಿ ಕೂತಿದ್ದ ಕಲೆಯಕ್ಕ ಅದನ್ನು ನೋಡಿದಳು. ಒಂದು ಕ್ಷಣ ತಡೆದಳು. ಇನ್ನೊಂದು ಕ್ಷಣ ತಡೆಯಲಾಗಲಿಲ್ಲ.

"ಮೇಡಂ, ಬಿಸಿನೀರು ಹಾಕಬೇಡಿ. ಬಿಸಿನೀರು ಹಾಕಿದ್ರೆ ಅದು ನಿಮ್ಮ ಜೊತೆಗೇ ಜನ್ಮಪೂರ್ತಿ ಇರುತ್ತೆ. ಇತ್ತ ಕೊಡಿ."

ಎದ್ದು ಹೋಗಿ ಜಾಕೀಟು ಕಸಿದುಕೊಂಡಳೆಂದೇ ಹೇಳಬೇಕು. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನ ಧಾರೆಯನ್ನು ಹಿಂದಿನಿಂದ ಬಿಟ್ಟಳು. ಅಡಿಗೆಮನೆಯಿಂದ ಸೋಡಾ ಪುಡಿ, ಅರ್ಧ ನಿಂಬೆಹಣ್ಣು ಕೇಳಿ ತಂದಳು. ಉಜ್ಜಲಿಲ್ಲ, ಬೆರಳ ತುದಿಯಿಂದ ತಟ್ಟಿದಳು, ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆ. ಹಿಂಡಲಿಲ್ಲ, ಒಣ ಬಟ್ಟೆಯೊಳಗೆ ಸುತ್ತಿ ಒತ್ತಿದಳು. ಹತ್ತು ನಿಮಿಷದಲ್ಲಿ ತೋಳು ಮಿಕ್ಕ ಜಾಕೀಟಿಗಿಂತ ಬೆಳ್ಳಗಾಗಿತ್ತು.

ಮೇಡಂ ಕಣ್ಣು ಬಿಟ್ಟು ನೋಡುತ್ತಲೇ ಇದ್ದರು. "ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಹೇಳಿದೆನಲ್ಲ ಮೇಡಂ," ಕಲೆಯಕ್ಕ ನೆಲ ನೋಡಿಕೊಂಡು ಅಂದಳು. "ನನ್ನ ಕಲೆ ಇದೇ. ನೀವಿರೋ ಹೋಟೆಲಲ್ಲಿ ಬಟ್ಟೆ ಒಗೀತಿದ್ದೆ. ನೀವು ಬೇರೇನೋ ಅಂದ್ಕೊಂಡ್ರಿ, ನಾನೂ ಬಾಯಿ ಬಿಡಲಿಲ್ಲ."

ಮೇಡಮ್ಮನವರಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ನಗು ಶುರುವಾಯಿತು ನೋಡಿ, ಟೋಪಿ ಬಿದ್ದುಹೋಗುವಷ್ಟು. "ಮನೆತನದಲ್ಲಿ ಬಂದದ್ದಾ ಅಂತ ಬೇರೆ ಕೇಳಿದೆನಲ್ಲ ನಾನು" ಎಂದು ಅವರು, "ಗುರುಗಳ ಹತ್ತಿರವಾ ಅಂದ್ರಿ" ಎಂದು ಇವಳು. ಬೇಲಿಯ ಮೇಲೆ ಜಾಕೀಟು ಒಣಹಾಕಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟಕ್ಕೆ ಒಟ್ಟಿಗೇ ಕೂತರು. ಹೊಸದಾಗಿ ಮದುವೆಯಾಗಿದ್ದ ಹುಡುಗಿಯೊಬ್ಬಳು ದಾಳಿಂಬೆ ರಸ ಚೆಲ್ಲಿದ ದುಪ್ಪಟ್ಟಾ ಹಿಡಿದು ಅಲ್ಲಿಗೇ ಬಂದಳು. ಕಲೆಯಕ್ಕ ಅದಕ್ಕೂ ದಾರಿ ತೋರಿಸಿದಳು.

ಮಧ್ಯಾಹ್ನ ಎರಡೂಮುಕ್ಕಾಲಿಗೆ ಬಸ್ಸು ಗುಡ್ಡ ಏರಿತು. ಬಸ್ಸು ನಿಂತಲ್ಲಿಂದ ಮೆಟ್ಟಿಲು ಹತ್ತಿದರೆ ತುದಿಯಲ್ಲಿ ಕಬ್ಬಿಣದ ಕಟಕಟೆಯ ನೋಟದ ಕಟ್ಟೆ. ಇಡೀ ದ್ವೀಪ ಅಲ್ಲಿಂದ ಕಾಣುತ್ತದೆ.

ಕಲೆಯಕ್ಕ ಕಟಕಟೆ ಹಿಡಿದು ನಿಂತಳು. ಎಷ್ಟು ಚಿಕ್ಕದು. ಐವತ್ತೆಂಟು ವರ್ಷ ತಾನು ಎದ್ದು ಬಿದ್ದು ಓಡಾಡಿದ ಜಗತ್ತೆಲ್ಲ ಒಂದು ಎಲೆಯಷ್ಟು. ಸುತ್ತ ನೀಲಿ, ಅಂಚಿಗೆ ಬಿಳಿ ನೊರೆಯ ಹೆಮ್ಮಿಂಗು. ಬಂದರು ಅಲ್ಲಿ, ಆಸ್ಪತ್ರೆ ಇಲ್ಲಿ, ಹೋಟೆಲಿನ ಕೆಂಪು ಹೆಂಚು ಅದೋ. ಗಂಡನ ದೋಣಿ ಇರುವೆಯ ಹಾಗೆ ನೀರಿನ ಮೇಲೆ ತೆವಳುತ್ತಿತ್ತು.

ರೇಡಿಯೊ ಕೈಚಾಚಿದ. "ಹೋಟೆಲಿನ ಹಿಂದುಗಡೆ ಆ ಬಿಳೀ ಚೌಕಗಳು ಕಾಣ್ತಿವೆಯಲ್ಲ? ಅವು ಉಪ್ಪಿನ ಗದ್ದೆ. ಸಮುದ್ರದ ನೀರನ್ನ ಪಾತಿ ಕಟ್ಟಿ ನಿಲ್ಲಿಸ್ತಾರೆ. ಮುನ್ನೂರು ವರ್ಷದ ಹಳೇ ಪದ್ಧತಿ. ಫೋಟೋಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ."

ಎಲ್ಲರೂ ಫೋನು ಎತ್ತಿದರು. ಕಲೆಯಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಇಪ್ಪತ್ತು ಸಾಲು. ಎಡಗಡೆಯ ಸಾಲು ಸ್ವಲ್ಪ ಜೋತುಬಿದ್ದಿದೆ. ಆ ಕಡೆಯ ಕಂಬ ಎರಡು ವರ್ಷದಿಂದ ವಾಲಿದೆ, ಎಷ್ಟು ಹೇಳಿದರೂ ಸರಿಮಾಡಿಸಿಲ್ಲ. ಅವಳಿಗೆ ಒಳಗಿನಿಂದ ನಗು ಉಕ್ಕಿತು. ತುಟಿ ಕಚ್ಚಿ ಸುಮ್ಮನಾದಳು. ಪಾಪ, ಅವನ ಹೊಟ್ಟೆಪಾಡು. ನಾಲ್ಕು ಜನರ ಮುಂದೆ ಯಾಕೆ ಮರ್ಯಾದೆ ಕಳೆಯುವುದು?

ಆದರೆ ದುಪ್ಪಟ್ಟಾ ಹುಡುಗಿಯ ಗಂಡ, ಆ ಮದುಮಗನ ಹತ್ತಿರ ಉದ್ದನೆ ಲೆನ್ಸಿನ ಕ್ಯಾಮರಾ ಇತ್ತು.

"ಗೈಡ್, ಒಂದು ಸಾಲು ಉಪ್ಪು ಮಾಯ ಆಯ್ತಲ್ಲ?"

ರೇಡಿಯೊ ಕಣ್ಣು ಕಿರಿದುಮಾಡಿ ನೋಡಿದ. "ಅದು... ಬಿಸಿಲಿಗೆ ಹಾಗೆ ಕಾಣುತ್ತೆ ಸರ್."

"ಇಲ್ಲಪ್ಪಾ, ಇನ್ನೊಂದೂ ಹೋಯ್ತು. ಯಾರೋ ಹೆಂಗಸರು ಉಪ್ಪನ್ನ ಮಡಚ್ತಾ ಇದ್ದಾರೆ."

ಎಲ್ಲರೂ ರೇಡಿಯೊನ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ರೇಡಿಯೊ ನಿಂತುಹೋಯಿತು. ಅವನ ಕಿವಿ ಕೆಂಪಗಾದದ್ದನ್ನು ನೋಡಿ ಕಲೆಯಕ್ಕ ಮುಂದೆ ಬಂದಳು.

"ಅವು ಬೆಡ್‌ಶೀಟು," ಎಂದಳು. "ನೀವೆಲ್ಲ ನಿನ್ನೆ ಮಲಗಿದ್ದ ಬೆಡ್‌ಶೀಟು. ಮೂರು ಗಂಟೆಗೆ ಇಳಿಸ್ತಾರೆ, ನಾಲ್ಕು ಗಂಟೆಗೆ ಇಸ್ತ್ರಿ ಆಗುತ್ತೆ. ಇವನದೇನೂ ತಪ್ಪಿಲ್ಲ. ಆ ಹಿಂಬದಿಗೆ ಯಾರೂ ಬರೋದಿಲ್ಲ, ಇವನಿಗೆ ಯಾರೂ ತೋರಿಸಿಲ್ಲ. ಇಲ್ಲಿಂದ ನೋಡಿದ್ರೆ ನನಗೂ ಒಂದು ಗಳಿಗೆ ಉಪ್ಪೇ ಅನ್ನಿಸ್ತು."

ಕೊನೆಯ ಮಾತು ಅಪ್ಪಟ ಸುಳ್ಳು. ಅದನ್ನು ಹೇಳುವಾಗ ಅವಳು ರೇಡಿಯೊನ ಕಡೆ ನೋಡಲಿಲ್ಲ.

ಯಾರೂ ಸಿಟ್ಟಾಗಲಿಲ್ಲ. ಮದುಮಗಳು ಕಿಸಕ್ಕೆಂದಳು. ಮೇಡಂ, "ಇವರು ಮೂವತ್ತೊಂದು ವರ್ಷ ಅಲ್ಲಿ ದುಡಿದವರು" ಎಂದು ಪರಿಚಯ ಮಾಡಿಕೊಟ್ಟರು. ಮದುಮಗ ಕ್ಯಾಮರಾವನ್ನು ಅವಳ ಕೈಗೇ ಕೊಟ್ಟು, ಹೇಗೆ ಕಣ್ಣಿಡಬೇಕೆಂದು ತೋರಿಸಿದ.

ಮೊದಲು ಬರೀ ಬಿಳುಪು. ಆಮೇಲೆ ಅದರ ನಡುವೆ ಲಾಂಡ್ರಿಯವರ ನೀಲಿ ಕೋಟುಗಳು. ಮುಖ ಕಾಣುವಷ್ಟು ಹತ್ತಿರವಲ್ಲ, ಆದರೆ ಅವಳಿಗೆ ಮುಖ ಬೇಕಿರಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತವಳು ಅವಳಿ ಮಕ್ಕಳ ತಾಯಿ. ಶೀಟನ್ನು ಭುಜಕ್ಕೆ ಹೊದ್ದು ಹೋಗುವವಳು ಬೀಡಿಯಮ್ಮ. ಬಲಗಾಲು ಎಳೆಯುತ್ತ ಚಕ್ರದ ಬುಟ್ಟಿ ತಳ್ಳುತ್ತಿರುವವಳು, ಇನ್ಯಾರು? "ಇವಳು ನೋಡಿ, ಬುಟ್ಟಿ ತಳ್ಳಬೇಡ ಅಂತ ಡಾಕ್ಟರು ಹೇಳಿದಾರೆ, ಕೇಳೋದಿಲ್ಲ" ಎಂದು ಗುಡ್ಡದ ಮೇಲಿಂದ ಗೊಣಗಿದಳು.

ಶೀಟು ಮಡಚಲು ಇಬ್ಬರು ಬೇಕು. ತುದಿ ತುದಿ ಹಿಡಿದು, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು, ಕೈಗೆ ಕೈ ಸೇರಿಸಿ, ಮತ್ತೆ ಹಿಂದೆ ಸರಿಯಬೇಕು. ಹತ್ತು ಜನ ಐದು ಜೋಡಿಯಾಗಿ ಹಾಗೆ ಮಾಡುತ್ತಿದ್ದರು. ಹತ್ತಿರ ಬರುವುದು, ದೂರ ಹೋಗುವುದು. ಅದನ್ನು ಅವಳು ಅಷ್ಟು ವರ್ಷ ಮಾಡಿದ್ದಳೇ ಹೊರತು ನೋಡಿರಲಿಲ್ಲ. ಬುಟ್ಟಿ ಬಿಟ್ಟು ಬಂದ ಇಸ್ತ್ರಿಯಮ್ಮ ಕೊನೆಯ ತಂತಿಯ ಶೀಟಿನ ಎರಡು ತುದಿ ಹಿಡಿದು ನಿಂತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಕಲೆಯಕ್ಕನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಇಸ್ತ್ರಿಯಮ್ಮ ಶೀಟನ್ನು ಗದ್ದಕ್ಕೆ ಒತ್ತಿ ಹಿಡಿದು ಒಬ್ಬಳೇ ಮಡಚಿದಳು. ವಕ್ರವಾಯಿತು. ಬಿಚ್ಚಿ ಮತ್ತೆ ಮಡಚಿದಳು.

ಕಲೆಯಕ್ಕ ಕ್ಯಾಮರಾ ವಾಪಸು ಕೊಟ್ಟು, ಕಾಣುವುದಿಲ್ಲವೆಂದು ಗೊತ್ತಿದ್ದೂ ಒಮ್ಮೆ ಕೈಬೀಸಿದಳು. ಪಕ್ಕದಲ್ಲಿ ಮೇಡಮ್ಮನೂ ಕೈಬೀಸಿದರು.

ಇಳಿಯುವಾಗ ರೇಡಿಯೊ ಅವಳ ಜೊತೆಗೆ ಹೆಜ್ಜೆ ಹಾಕಿದ. ಮೆಲ್ಲಗೆ, "ಬಂದ ಹೊಸದ್ರಲ್ಲಿ ಯಾರೋ ಅದೇನು ಅಂತ ಕೇಳಿದ್ರು. ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆ ಆಯ್ತು. ಉಪ್ಪು ಅಂದೆ. ಆಮೇಲೆ ಅದೇ ನಡ್ಕೊಂಡು ಬಂತು" ಎಂದ.

"ಮುನ್ನೂರು ವರ್ಷ ಯಾಕೆ ಸೇರಿಸಿದೆ?"

"ಜನಕ್ಕೆ ಇಷ್ಟ ಆಗುತ್ತೆ."

ಇಬ್ಬರೂ ನಕ್ಕರು. "ನಿನಗೆ ನಾನು ಗೊತ್ತಿಲ್ಲ, ನೀನು ನನಗೆ ಗೊತ್ತು," ಎಂದಳು. "ಹದಿನಾಲ್ಕನೇ ನಂಬರು. ಪೆನ್ನಿಗೆ ಮುಚ್ಚಳ ಹಾಕೋ ಮಾರಾಯ. ತಲೆಗೆ ಎಣ್ಣೆ ಅರ್ಧ ಸಾಕು."

ರೇಡಿಯೊ ಕೈಯನ್ನು ಜೇಬಿನ ಮೇಲೂ ಆಮೇಲೆ ಕಾಲರಿನ ಮೇಲೂ ಇಟ್ಟುಕೊಂಡ. "ನೀವಾ ಅದು? ಯಾವತ್ತೂ ಕಲೆ ಇರ್ತಿರಲಿಲ್ಲ. ಮಿಶಿನ್ನೇ ತೆಗೆಯುತ್ತೆ ಅಂದ್ಕೊಂಡಿದ್ದೆ."

ಬಸ್ಸಿನ ಬಾಗಿಲಲ್ಲಿ ಅವಳು ಒಳಗೆ ಇಣುಕಿ ಎಣಿಸಿದಳು. "ಐದು ಸೀಟು ಖಾಲಿ. ದಿನಾ ಹೀಗೇನಾ?"

"ಮಳೆಗಾಲದಲ್ಲಿ ಹತ್ತು ಖಾಲಿ."

ಅವಳು ಬೆರಳು ಮಡಚಿ ಏನನ್ನೋ ಎಣಿಸುತ್ತ ಬಸ್ಸು ಹತ್ತಿದಳು.

ಸಂಜೆ ಗಂಡ ಕೆಲಸದಿಂದ ಬಂದು ಕಾಲು ತೊಳೆಯುವಾಗ ಅವಳು ಕಪ್ಪು ಮರಳು, ಗಾಜಿನ ದೋಣಿ, ಜಾಕೀಟು, ಉಪ್ಪು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೆಂಡತಿ ದೋಣಿಯಲ್ಲಿ ವಾಂತಿ ಮಾಡಿಕೊಂಡದ್ದನ್ನು ಕೇಳಿ ಅವನು, "ಜೆಟ್ಟಿಯಲ್ಲಿ ಯಾರಿಗೂ ಹೇಳಬೇಡ" ಎಂದ. ಕಾಲು ಒರೆಸಿಕೊಳ್ಳುತ್ತ ಕೇಳಿದ: "ನನ್ನ ದೋಣಿ ಕಾಣ್ತಾ ಅಲ್ಲಿಂದ?"

"ಕಾಣ್ತು."

"ಹೇಗೆ ಹೋಗ್ತಿತ್ತು?"

"ನೆಟ್ಟಗೆ ಹೋಗ್ತಿತ್ತು."

ಅವನಿಗೆ ಅಷ್ಟೇ ಬೇಕಿತ್ತು ಅಂತ ಕಾಣುತ್ತದೆ, ತಲೆಯಾಡಿಸಿ ಊಟಕ್ಕೆ ಕೂತ.

ಮುಂದಿನ ವಾರ ಕಲೆಯಕ್ಕ ಹೋಟೆಲಿನ ಮುಂದಿನ ಬಾಗಿಲಿನಿಂದಲೇ ಹೋಗಿ ಮ್ಯಾನೇಜರನ್ನು ಕಂಡಳು. ಪ್ರವಾಸದ ಬಸ್ಸಲ್ಲಿ ದಿನಾ ಸೀಟು ಖಾಲಿ ಹೋಗುತ್ತದೆ. ವಾರಕ್ಕೆ ಒಬ್ಬಳಂತೆ ಲಾಂಡ್ರಿಯ ಹೆಂಗಸರನ್ನು ಕೂರಿಸಿ ಎಂದಳು. ಮ್ಯಾನೇಜರು ಕೆಟ್ಟವರಲ್ಲ. ಆದರೆ ಅತಿಥಿಗಳು ಏನೆಂದುಕೊಂಡಾರು, ಇವತ್ತು ಲಾಂಡ್ರಿ ಅಂದರೆ ನಾಳೆ ಅಡಿಗೆಮನೆಯವರು ಕೇಳುತ್ತಾರೆ ಎಂದು ರಾಗ ಎಳೆದು, ಕೊನೆಗೆ "ನೋಡೋಣ" ಅಂದರು. ಅವರ ನೋಡೋಣಕ್ಕೆ ಇಲ್ಲ ಅಂತ ಅರ್ಥವೆಂದು ಇಡೀ ಹೋಟೆಲಿಗೆ ಗೊತ್ತಿತ್ತು. ಎರಡನೇ ಸಲ ಹೋದಾಗಲೂ ನೋಡೋಣ.

ಮೂರನೇ ಸಲ ಮ್ಯಾನೇಜರೇ ಹೇಳಿಕಳಿಸಿದರು. ದೊಡ್ಡ ಮದುವೆಯೊಂದು ಮುಗಿದಿತ್ತು. ನಲವತ್ತು ಬಿಳಿ ಮೇಜುಬಟ್ಟೆಯ ಮೇಲೆ ಕೆಂಪು ವೈನು, ಕರಗಿದ ಮೇಣ, ಹೂವಿನ ಪರಾಗದ ಹಳದಿ. ಮಿಶಿನ್ನಿಗೆ ಹಾಕಿ ತೆಗೆದರೆ ಮೂರೂ ಸೇರಿಕೊಂಡು ಭೂಪಟದ ಹಾಗಾಗಿತ್ತು. ಹೊಸಬರಿಗೆ ಎರಡು ವಾರ ಬಂದು ಕಲಿಸಿಕೊಡಬೇಕೆಂದು ಕೇಳಿಕೊಂಡರು.

"ಬರ್ತೀನಿ ಸರ್," ಎಂದಳು ಕಲೆಯಕ್ಕ. "ಆ ಸೀಟಿನ ವಿಚಾರ ಏನಾಯ್ತು?"

ಮ್ಯಾನೇಜರು ಮೇಜುಬಟ್ಟೆಗಳ ರಾಶಿ ನೋಡಿದರು, ಅವಳ ಮುಖ ನೋಡಿದರು. ಅವಳು ಕೈಕಟ್ಟಿ ನಿಂತೇ ಇದ್ದಳು. ರೇಡಿಯೊ ಅಲ್ಲೇ ಪಕ್ಕದಲ್ಲಿದ್ದವನು, "ನನಗೇನೂ ತೊಂದರೆ ಇಲ್ಲ ಸರ್, ಬಸ್ಸು ತುಂಬಿದ್ರೆ ಮಾತಾಡೋದಕ್ಕೂ ಹುಮ್ಮಸ್ಸು" ಎಂದು ಒಂದು ಮಾತು ಸೇರಿಸಿದ. ಹೀಗೆ ಅದು ಆಯಿತು.

ಹನ್ನೊಂದು ಹೆಂಗಸರಿಗೆ ಹನ್ನೊಂದು ವಾರ ಸಾಕಾಗಬೇಕಿತ್ತು. ಒಬ್ಬಳಿಗೆ ಜ್ವರ, ಒಬ್ಬಳ ಮಗಳ ಹೆರಿಗೆ, ನಡುವೆ ಬಿರುಗಾಳಿ, ಎಲ್ಲ ಸೇರಿ ಆರು ತಿಂಗಳಾಯಿತು. ಹೋಗಿಬಂದವರು ಮರುದಿನ ಮಿಶಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ವರ್ಣಿಸುತ್ತಿದ್ದರು. ಅವಳಿ ಮಕ್ಕಳ ತಾಯಿಗೆ ಗಾಜಿನ ದೋಣಿಯ ಕೆಳಗಿನ ಮೀನು ಇಷ್ಟವಾಯಿತು. ಬೀಡಿಯಮ್ಮನಿಗೆ ಊಟದ ಮನೆಯಲ್ಲಿ ತಟ್ಟೆ ಬೇರೆಯವರು ಎತ್ತಿಕೊಂಡು ಹೋದದ್ದು. ಗುಡ್ಡದ ಮೇಲೆ ರೇಡಿಯೊ ಈಗ ಬೆಡ್‌ಶೀಟಿನ ಕಥೆಯನ್ನೇ ಹೇಳುತ್ತಾನೆಂದೂ, ಉಪ್ಪು ಅನ್ನುತ್ತಿದ್ದಾಗಿನಕ್ಕಿಂತ ಜನ ಈಗ ಹೆಚ್ಚು ಫೋಟೋ ತೆಗೆಯುತ್ತಾರೆಂದೂ, ಆದರೆ ಅವನು ಮಿಶಿನ್ನುಗಳನ್ನು ಏಳರಿಂದ ಹದಿನೇಳು ಮಾಡಿಬಿಟ್ಟಿದ್ದಾನೆಂದೂ ವರದಿ ಬಂತು.

ಇಸ್ತ್ರಿಯಮ್ಮ ಎಲ್ಲರಿಗಿಂತ ಕೊನೆಗೆ ಹೋದಳು. ಕಾಲು ನೋವು, ನಾನು ಗುಡ್ಡದ ಮೆಟ್ಟಿಲು ಹತ್ತುವುದಿಲ್ಲ, ನನಗೇಕೆ ಎಂದು ಬಿಂಕ ಮಾಡುವ ಸರದಿ ಅವಳದಾಗಿತ್ತು. ಕಲೆಯಕ್ಕ ಬಗ್ಗಲಿಲ್ಲ. ಸಂಜೆ ಬಸ್ಸು ಬರುವ ಹೊತ್ತಿಗೆ ಹೋಟೆಲಿನ ಮುಂದೆ ಹೋಗಿ ಕಾದು ನಿಂತಳು.

"ಹೇಗಿತ್ತೇ? ಬೀಚು ನೋಡಿದ್ಯಾ? ಮೀನು?"

"ಬೀಚಲ್ಲಿ ಇಳೀಲಿಲ್ಲ. ದೋಣಿ ಹತ್ತಲಿಲ್ಲ. ಗುಡ್ಡಕ್ಕೆ ಎಲ್ಲರೂ ಹೋದ್ರು, ನಾನು ಬಸ್ಸಲ್ಲೇ ಇದ್ದೆ."

"ಹಾಗಾದ್ರೆ ಏನ್ ನೋಡಿದ್ಯೇ ಮಾರಾಯ್ತಿ?"

ಇಸ್ತ್ರಿಯಮ್ಮ ಕಲೆಯಕ್ಕನ ತೋಳು ಹಿಡಿದು ಮೆಟ್ಟಿಲಿಳಿದಳು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಬಂದ ಅವಳ ಮುಖ ಒಗೆದು ಒಣಗಿಸಿದ ಬಟ್ಟೆಯ ಹಾಗೆ ಹಗುರವಾಗಿತ್ತು.

"ಕಿಟಕಿ ಪಕ್ಕ ಕೂತಿದ್ದೆ ಕಣೇ," ಎಂದಳು. "ಮನೆ, ಮರ, ಸಮುದ್ರ, ಒಂದಾದ ಮೇಲೊಂದು ಬರ್ತಾನೇ ಇತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ."